ಹೊಟ್ಟೆ ನೋಡಿ ಕೊಳ್ಳಬೇಕಾದ ವಾದ್ಯ

ಹಳೆಯ ಪೆಡಲ್ ಸ್ಟೀಲ್ ಗಿಟಾರ್ ಮಾರಾಟಕ್ಕಿದೆ ಎಂದು ಯಾರಾದರೂ ಫೋಟೊ ಕಳಿಸಿದರೆ ಅದರಲ್ಲಿ ಕಾಣುವುದು ಮೇಲಿನ ಮುಖ ಮಾತ್ರ. ಹೊಳೆಯುವ ಲ್ಯಾಕರ್, ಮೇಪಲ್ ಮರದ ಸುಳಿ, ಫ್ರೆಟ್‌ಬೋರ್ಡಿನ ಮೇಲೆ ಇಸ್ಪೀಟಿನ ಗುರುತುಗಳು, ಕ್ರೋಮ್ ಮೆರುಗಿನ ಕಾಲುಗಳು. ನೋಡಿದ ಕೂಡಲೇ ಆಸೆ ಹುಟ್ಟುತ್ತದೆ. ಕೊಳ್ಳುವವರಿಗೆ ತಿಳಿಯಬೇಕಾದ ಸಂಗತಿ ಮಾತ್ರ ಒಂದೂ ಆ ಫೋಟೊದಲ್ಲಿ ಇರುವುದಿಲ್ಲ. ಅದೆಲ್ಲ ಇರುವುದು ವಾದ್ಯದ ಹೊಟ್ಟೆಯಲ್ಲಿ. ಕಾಲು ಕಳಚಿ, ಪೆಟ್ಟಿಗೆಯೊಳಗೆ ಬೋರಲು ಮಲಗಿಸಿದಾಗ ಕಾಣುವ ಕಂಬಿ, ಲಿವರ್, ಸ್ಪ್ರಿಂಗುಗಳ ಜಾಲವೇ ಪೆಡಲ್ ಸ್ಟೀಲ್‌ನ ಜೀವಾಳ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ವಾದ್ಯ ಬೇಕೆನ್ನುವವರು ಮೊದಲು ಕೇಳಬೇಕಾದದ್ದು ಈ ತಳಭಾಗದ ಫೋಟೊವನ್ನು. ಅದನ್ನು ಕಳಿಸಲು ಹಿಂಜರಿಯುವವರ ಜೊತೆ ಬೆಲೆಯ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಈ ವಾದ್ಯವನ್ನು ಎಂದೂ ಹತ್ತಿರದಿಂದ ನೋಡದವರಿಗೆ ಅದೊಂದು ಸಣ್ಣ ಕೈಮಗ್ಗದಂತೆ ಕಂಡೀತು. ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಚೌಕಟ್ಟು, ಮೇಲೆ ಬಿಗಿದು ಕಟ್ಟಿದ ತಂತಿಗಳು, ಕೆಳಗೆ ಪಾದದಿಂದ ಒತ್ತುವ ಪೆಡಲುಗಳು, ಎರಡನ್ನೂ ಜೋಡಿಸುವ ಲೋಹದ ಕಂಬಿಗಳು. ನುಡಿಸುವವರು ಅದರ ಮುಂದೆ ಕೂತು ಎಡಗೈಯಲ್ಲಿ ಗುಂಡನೆಯ ಉಕ್ಕಿನ ಬಾರ್ ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ಬಲಗೈಯ ಹೆಬ್ಬೆರಳಿಗೆ ಮತ್ತು ಎರಡು ಬೆರಳುಗಳಿಗೆ ಪಿಕ್ ತೊಟ್ಟು ಮೀಟುತ್ತಾರೆ. ಎಡಪಾದ ಪೆಡಲುಗಳ ಮೇಲೆ, ಬಲಪಾದ ವಾಲ್ಯೂಮ್ ಪೆಡಲಿನ ಮೇಲೆ. ಎರಡೂ ಮಂಡಿಗಳು ಅಕ್ಕಪಕ್ಕ ನೇತಾಡುವ ಲಿವರುಗಳನ್ನು ತಳ್ಳುತ್ತಿರುತ್ತವೆ. ಕೈಕಾಲುಗಳೆಲ್ಲ ಒಟ್ಟಿಗೆ ದುಡಿಯುವ ಇಂಥ ವಾದ್ಯ ವಿರಳ.

ಬರೀ ಬಾರ್ ಜಾರಿಸುವ ಹವಾಯಿಯನ್ ಗಿಟಾರ್ ನಮಗೆ ಹೊಸದಲ್ಲ. ಹವಾಯಿಯ ಜೋಸೆಫ್ ಕೆಕುಕು 19ನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಆ ಶೈಲಿ ಹಡಗು ಹತ್ತಿ ಲೋಕವೆಲ್ಲ ಸುತ್ತಿತು. ಟಾವ್ ಮೋ ಎಂಬ ಹವಾಯಿಯನ್ ಗಿಟಾರ್ ವಾದಕನ ಕುಟುಂಬ 1940ರ ದಶಕದಲ್ಲಿ ಕಲ್ಕತ್ತಾದಲ್ಲಿ ನೆಲೆಸಿ ಅಲ್ಲಿ ಅದರ ಹುಚ್ಚು ಹಿಡಿಸಿತು. ಬ್ರಿಜ್ ಭೂಷಣ್ ಕಾಬ್ರಾ ಅದೇ ಗಿಟಾರನ್ನು ಹಿಂದೂಸ್ತಾನಿ ರಾಗಕ್ಕೆ ಒಗ್ಗಿಸಿದರು. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರ ಜೊತೆ 1967ರಲ್ಲಿ ಅವರು ಮಾಡಿದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆ ಎಷ್ಟೋ ಮನೆಗಳಲ್ಲಿ ಇಂದಿಗೂ ಮೊಳಗುತ್ತದೆ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರಂಥವರು ಸ್ಲೈಡ್ ಗಿಟಾರಿನಲ್ಲಿ ಆ ದಾರಿಯನ್ನು ಮುಂದುವರಿಸಿದ್ದಾರೆ.

ಅಮೆರಿಕದಲ್ಲಿ ಅದೇ ವಾದ್ಯ ಬೇರೆ ತಿರುವು ಪಡೆಯಿತು. ಬಾರ್ ಜಾರಿದರೆ ಅದರ ಅಡಿಯ ತಂತಿಗಳೆಲ್ಲ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಒಂದು ಸ್ವರ ನಿಂತಲ್ಲೇ ನಿಂತು ಪಕ್ಕದ ಸ್ವರ ಮಾತ್ರ ಚಲಿಸಬೇಕೆಂದರೆ ಏನು ಮಾಡುವುದು? 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಎಂಬ ಕಂಟ್ರಿ ಹಾಡಿನಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ಇದಕ್ಕೆ ಉತ್ತರ ಕೊಟ್ಟರು. ತಂತಿಗಳು ಇನ್ನೂ ನಾದಿಸುತ್ತಿರುವಾಗಲೇ ಪೆಡಲ್ ಒತ್ತಿ ಎರಡು ಸ್ವರಗಳನ್ನು ಮೇಲಕ್ಕೆಳೆದರು. ಹಾಡು ಪಟ್ಟಿಯ ಮೊದಲ ಸ್ಥಾನಕ್ಕೇರಿತು, ನ್ಯಾಶ್‌ವಿಲ್‌ನ ಸ್ಟೀಲ್ ವಾದಕರೆಲ್ಲ ಪೆಡಲ್ ಜೋಡಿಸಿಕೊಳ್ಳಲು ಹೊರಟರು. ಐಸಾಕ್ಸ್‌ರ ಒಂದೇ ಪೆಡಲಿನ ಆ ಕೆಲಸವನ್ನು ಬಡ್ಡಿ ಎಮ್ಮನ್ಸ್ ಮತ್ತು ಜಿಮ್ಮಿ ಡೇ ಎಂಬ ವಾದಕರು ಎರಡು ಪೆಡಲುಗಳಿಗೆ ಹಂಚಿದರು. ಇಂದು ಎ ಪೆಡಲ್, ಬಿ ಪೆಡಲ್ ಎಂದು ಎಲ್ಲರೂ ಕರೆಯುವುದು ಅವನ್ನೇ. ಇಷ್ಟು ಇತಿಹಾಸ ಇಲ್ಲಿ ಬೇಕಾದದ್ದು ಒಂದು ಕಾರಣಕ್ಕೆ: ಹಳೆಯ ವಾದ್ಯ ಕೊಳ್ಳುವಾಗ ಅದು ಈ ವಿಕಾಸದ ಯಾವ ಹಂತದ್ದು ಎಂಬುದೇ ಮೊದಲ ಪ್ರಶ್ನೆ.

ಪೆಡಲ್ ಸ್ಟೀಲ್ ದುಬಾರಿ. ಹೊಸದಾಗಿ ಕೊಂಡರೆ ವೃತ್ತಿಪರ ಮಟ್ಟದ ವಾದ್ಯಕ್ಕೆ ನಾಲ್ಕು ಸಾವಿರ ಡಾಲರಿನ ಮೇಲೆಯೇ. ಸಾಧಾರಣ ಎಲೆಕ್ಟ್ರಿಕ್ ಗಿಟಾರಿನ ಹಾಗೆ ಇದನ್ನು ದೊಡ್ಡ ಕಾರ್ಖಾನೆಗಳು ಸಾವಿರಗಟ್ಟಲೆ ಹೊರಹಾಕುವುದಿಲ್ಲ. ನೂರಾರು ಲೋಹದ ಭಾಗಗಳನ್ನು ಕಡೆದು, ಕೊರೆದು, ಕೈಯಲ್ಲಿ ಜೋಡಿಸುವ ಸಣ್ಣಪುಟ್ಟ ಕಾರ್ಯಾಗಾರಗಳು ಟೆಕ್ಸಸ್, ಮಿಸೌರಿಯಂಥ ಕಡೆ ಬೆರಳೆಣಿಕೆಯಷ್ಟಿವೆ. ಹಾಗಾಗಿ ಬಳಸಿದ ವಾದ್ಯದ ಮಾರುಕಟ್ಟೆಯೇ ಇದರ ಮುಖ್ಯ ಮಾರುಕಟ್ಟೆ. ಹೊಸಬರಲ್ಲಿ ಹೆಚ್ಚಿನವರು ಶುರುಮಾಡುವುದು ಇನ್ನೊಬ್ಬರ ವಾದ್ಯದಿಂದ. ಇದರಲ್ಲಿ ಕೀಳರಿಮೆಗೆ ಕಾರಣವೇ ಇಲ್ಲ. ಚೆನ್ನಾಗಿ ನೋಡಿಕೊಂಡ ಪೆಡಲ್ ಸ್ಟೀಲ್ ಐವತ್ತು ವರ್ಷವಾದರೂ ದಣಿಯುವುದಿಲ್ಲ. ಸವೆದ ಭಾಗವನ್ನು ಬದಲಿಸಬಹುದು, ಗಟ್ಟಿಯಾದ ಎಣ್ಣೆಯನ್ನು ತೊಳೆಯಬಹುದು.

ಆದರೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳಬಾರದ ವಾದ್ಯಗಳೂ ಇವೆ. ಅವುಗಳ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಣ ಕಡಿಮೆ ಇರುವವರೇ ಅವಕ್ಕೆ ಸಿಕ್ಕಿಬೀಳುವುದು.

ಇವತ್ತು ಪೆಡಲ್ ಸ್ಟೀಲ್ ಕಲಿಸುವ ಪುಸ್ತಕ, ವಿಡಿಯೊ, ಗುರು ಎಲ್ಲವೂ ಒಂದು ಸಾಮಾನ್ಯ ಜೋಡಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿವೆ: ಹತ್ತು ತಂತಿ, ಇ-9 ಶ್ರುತಿ, ಮೂರು ಪೆಡಲ್, ನಾಲ್ಕು ಮಂಡಿ ಲಿವರ್. ವಾದಕರು ಇದನ್ನು ಚುಟುಕಾಗಿ ‘ಮೂರು ಪ್ಲಸ್ ನಾಲ್ಕು’ ಎನ್ನುತ್ತಾರೆ. ಎ ಪೆಡಲ್ ಬಿ ಸ್ವರವನ್ನು ಸಿ ಶಾರ್ಪಿಗೆ ಏರಿಸುತ್ತದೆ, ಬಿ ಪೆಡಲ್ ಜಿ ಶಾರ್ಪನ್ನು ಎ ಸ್ವರಕ್ಕೆ ಏರಿಸುತ್ತದೆ, ಸಿ ಪೆಡಲ್ ನಾಲ್ಕನೇ ಮತ್ತು ಐದನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಮೇಲೆ ಒಯ್ಯುತ್ತದೆ. ಮಂಡಿ ಲಿವರುಗಳಲ್ಲಿ ಎರಡು ತೀರಾ ಮುಖ್ಯ. ಒಂದು ಇ ತಂತಿಗಳನ್ನು ಅರ್ಧ ಸ್ವರ ಏರಿಸುವುದು, ಇನ್ನೊಂದು ಅವನ್ನೇ ಅರ್ಧ ಸ್ವರ ಇಳಿಸುವುದು. ಈ ಎರಡೂ ಇಲ್ಲದ ವಾದ್ಯದಲ್ಲಿ ಅರ್ಧ ಪಾಠಗಳು ನಡೆಯುವುದೇ ಇಲ್ಲ.

1970ರ ದಶಕದಲ್ಲಿ ಶೋ-ಬಡ್ ಕಂಪನಿ ಕಲಿಯುವವರಿಗೆಂದು ಮಾಡಿದ ‘ಮ್ಯಾವೆರಿಕ್’ ಇದಕ್ಕೆ ಸರಿಯಾದ ಉದಾಹರಣೆ. ನೋಡಲು ಮುದ್ದು, ಹೆಸರು ದೊಡ್ಡದು, ಬೆಲೆ ಕೈಗೆಟಕುವಂಥದ್ದು. ಬಹುಪಾಲು ಮ್ಯಾವೆರಿಕ್‌ಗಳಲ್ಲಿ ಮೂರು ಪೆಡಲ್, ಒಂದೇ ಒಂದು ಮಂಡಿ ಲಿವರ್. ಕೆಲವು ತಿಂಗಳು ಕಲಿತ ಮೇಲೆ ಉಳಿದ ಲಿವರುಗಳು ಬೇಕೆನಿಸುತ್ತದೆ. ಅವನ್ನು ಜೋಡಿಸಲು ಮಿಸ್ತ್ರಿ ಬೇಕು, ಭಾಗಗಳು ಬೇಕು, ಎಷ್ಟೋ ಸಲ ತಂತಿಯ ಸ್ವರ ಬದಲಿಸುವ ‘ಚೇಂಜರ್’ ಎಂಬ ಭಾಗಕ್ಕೇ ಆ ಸಾಮರ್ಥ್ಯವಿರುವುದಿಲ್ಲ. ಎಲ್ಲ ಖರ್ಚು ಕೂಡಿಸಿದರೆ ಮೊದಲೇ ಪೂರ್ಣ ವಾದ್ಯ ಕೊಂಡಿದ್ದರೆ ಆಗುತ್ತಿದ್ದ ಮೊತ್ತವನ್ನು ದಾಟುತ್ತದೆ. ಫೆಂಡರ್ 400 ಎಂಬ ಮಾದರಿಯದು ಇನ್ನೊಂದು ಕಥೆ. 1950ರ ದಶಕದ ಕೊನೆಯಲ್ಲಿ ಬಂದ ಅದು ಎಂಟು ತಂತಿಯದು, ಪೆಡಲ್‌ನಿಂದ ತಂತಿಗೆ ಕಂಬಿಯ ಬದಲು ಉಕ್ಕಿನ ಕೇಬಲ್. ಸ್ನೀಕಿ ಪೀಟ್ ಕ್ಲೈನೊ ಎಂಬ ವಾದಕರು ಅಂಥದರಲ್ಲೇ ಅದ್ಭುತವಾಗಿ ನುಡಿಸಿದರು, ಆ ಧ್ವನಿಯ ಮೋಹ ಇರುವವರು ಕೊಳ್ಳಲಿ. ಕಲಿಯಲು ಹೊರಟವರಿಗೆ ಮಾತ್ರ ಅದು ಬೇಡ. ಪಾಠದ ಪುಸ್ತಕ ಹತ್ತನೇ ತಂತಿಯನ್ನು ಮೀಟು ಎಂದಾಗ ಅಲ್ಲಿ ತಂತಿಯೇ ಇರುವುದಿಲ್ಲ.

ಹಾಗಾದರೆ ಯಾವುದು? ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ವಿದ್ಯಾರ್ಥಿ ಮಾದರಿಯೇ ಬೇಕೆಂದರೆ ಮೂರು ಪ್ಲಸ್ ನಾಲ್ಕು ಇರುವ ಆಧುನಿಕ ವಿದ್ಯಾರ್ಥಿ ಮಾದರಿ. ಅದಕ್ಕಿಂತ ಸ್ವಲ್ಪ ಹೆಚ್ಚು ದುಡ್ಡು ಹೊಂದಿಸಲಾದರೆ 1970 ಮತ್ತು 80ರ ದಶಕದ, ಮೈಮೇಲೆ ಗೀರು ಬಿದ್ದ, ಹೆಸರಿನ ಮೆರುಗು ಕಡಿಮೆ ಇರುವ ವೃತ್ತಿಪರ ವಾದ್ಯ. ಎರಡನೆಯದನ್ನೇ ನಾನು ಹೆಚ್ಚು ಒತ್ತಿ ಹೇಳುತ್ತೇನೆ.

ಮೊದಲ ಗುಂಪಿನಲ್ಲಿ ಟೆಕ್ಸಸ್‌ನ ಕಾರ್ಟರ್ ಕಂಪನಿಯ ‘ಕಾರ್ಟರ್ ಸ್ಟಾರ್ಟರ್’ ಬಳಸಿದ ಮಾರುಕಟ್ಟೆಯಲ್ಲಿ ಆಗಾಗ ಕಾಣುತ್ತದೆ. ತಯಾರಿಕೆ ನಿಂತು ವರ್ಷಗಳಾದವು. ಹಗುರ, ನಾಲ್ಕೂ ಲಿವರ್ ಇವೆ, ಶ್ರುತಿ ನಿಲ್ಲುತ್ತದೆ. ಮುಂದೆ ಬದಲಾವಣೆ ಸೇರಿಸಿ ಬೆಳೆಸಲು ಅಷ್ಟಾಗಿ ಅನುವಿಲ್ಲ, ಆದರೆ ಮೊದಲ ಎರಡು ಮೂರು ವರ್ಷಕ್ಕೆ ಧಾರಾಳ ಸಾಕು. ‘ಸ್ಟೇಜ್ ಒನ್’ ಕೂಡ ಕಲಿಯುವವರಿಗೆಂದೇ ರೂಪಿಸಿದ್ದು, ಅದಕ್ಕೆ ಒಳ್ಳೆಯ ಹೆಸರಿದೆ. ಫೆಂಡರ್‌ನಲ್ಲಿ ದುಡಿದ ಅನುಭವವಿದ್ದ ಜೀನ್ ಫೀಲ್ಡ್ಸ್ ಕಟ್ಟಿದ ಜಿಎಫ್‌ಐ ವಾದ್ಯಗಳು ಇನ್ನೂ ಒಂದು ಮೆಟ್ಟಿಲು ಮೇಲೆ. ಇಂಥ ವಿದ್ಯಾರ್ಥಿ ವಾದ್ಯಗಳು ಬಳಸಿದ ಸ್ಥಿತಿಯಲ್ಲಿ ಸುಮಾರಾಗಿ ಸಾವಿರದಿಂದ ಸಾವಿರದೈನೂರು ಡಾಲರಿನ ಆಸುಪಾಸಿನಲ್ಲಿ ಓಡಾಡುತ್ತವೆ. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ಸಮೀಪದಿಂದ ಶುರು ಎನ್ನಬೇಕು.

ಎರಡನೆಯ ಗುಂಪಿನಲ್ಲಿ ನನಗೆ ತುಂಬ ವಿಶ್ವಾಸವಿರುವುದು ಡಲ್ಲಾಸ್‌ನಲ್ಲಿ ಮಾರಿಸ್ ಆ್ಯಂಡರ್ಸನ್ ಮತ್ತವರ ಜೊತೆಗಾರರು ಕಟ್ಟಿದ ಎಂಎಸ್‌ಎ ಕಂಪನಿಯ ಹಳೆಯ ವಾದ್ಯಗಳ ಮೇಲೆ. 1980ರ ದಶಕದ ಆರಂಭದವರೆಗೆ ತಯಾರಾದ ಆ ‘ಕ್ಲಾಸಿಕ್’ ಮಾದರಿಗಳ ಮೇಲೆ ಮೈಕಾ ಹೊದಿಕೆ, ಒಳಗೆ ಯಂತ್ರದ ಕೆಲಸ ಬಹಳ ಗಟ್ಟಿ. ಭಾರ ಜಾಸ್ತಿ, ಹೊರನೋಟ ಸಪ್ಪೆ, ಆ ಕಾರಣಕ್ಕೇ ಬೆಲೆ ಹಿಡಿತದಲ್ಲಿದೆ. ಡೆಕ್ಲಿ ಎಂಬ ಹೆಸರಿನ ವಾದ್ಯವೂ ಇದೇ ವರ್ಗಕ್ಕೆ ಸೇರುತ್ತದೆ. ಇನ್ನು ಬಡ್ಡಿ ಎಮ್ಮನ್ಸ್ ಹೆಸರಿನ, ಉತ್ತರ ಕ್ಯಾರೊಲಿನಾದಲ್ಲಿ ತಯಾರಾದ ‘ಪುಶ್-ಪುಲ್’ ವಾದ್ಯ ಎಂದರೆ ಬಲ್ಲವರು ಕಣ್ಣರಳಿಸುತ್ತಾರೆ. ಧ್ವನಿ ನಿಜಕ್ಕೂ ಅಪೂರ್ವ. ಆದರೆ ಅದರ ಯಂತ್ರವನ್ನು ಹದಕ್ಕೆ ತರುವುದು ಅನುಭವಿಗಳಿಗೇ ಸವಾಲು. ಮೊದಲ ವಾದ್ಯವಾಗಿ ಬೇಕಿರುವುದು ‘ಆಲ್-ಪುಲ್’ ಎಂಬ ವ್ಯವಸ್ಥೆ: ಏರಿಸಲಿ ಇಳಿಸಲಿ, ಕಂಬಿ ಎಳೆಯುವುದು ಒಂದೇ ದಿಕ್ಕಿಗೆ, ಶ್ರುತಿ ಸರಿಮಾಡುವುದು ಒಂದೇ ತುದಿಯಲ್ಲಿ.

ಒಂದು ಕುತ್ತಿಗೆಯೋ (ಅಂದರೆ ಹತ್ತು ತಂತಿಗಳ ಒಂದು ಸಾಲೋ) ಎರಡೋ ಎಂಬ ಪ್ರಶ್ನೆಗೂ ಬೆಲೆಗೂ ನಂಟಿದೆ. ಒಂದೇ ಕುತ್ತಿಗೆಯದು ಎಸ್-10. ಇ-9ರ ಜೊತೆಗೆ ಸಿ-6 ಶ್ರುತಿಯ ಎರಡನೇ ಕುತ್ತಿಗೆ ಇರುವುದು ಡಿ-10. ಅಗಲ ಮೈ ಮೇಲೆ ಒಂದೇ ಕುತ್ತಿಗೆ, ಇನ್ನೊಂದರ ಜಾಗದಲ್ಲಿ ಕೈ ಊರಲು ಮೆತ್ತೆ ಇದ್ದರೆ ಅದು ಎಸ್‌ಡಿ-10. ಲಾಯ್ಡ್ ಗ್ರೀನ್ ಅವರಂಥ ದೊಡ್ಡ ಸ್ಟುಡಿಯೊ ವಾದಕರೇ ಸಿ-6 ಕುತ್ತಿಗೆಯನ್ನು ಕೈಬಿಟ್ಟು ಇ-9 ಒಂದರಲ್ಲೇ ಬದುಕು ಕಟ್ಟಿಕೊಂಡರು. ಹೊಸಬರಿಗೆ ಎಸ್-10 ಸಾಕು. ಹೊರಲು ಹಗುರವೆಂದು ಈಗ ಎಲ್ಲರೂ ಒಂದೇ ಕುತ್ತಿಗೆಯದನ್ನು ಹುಡುಕುತ್ತಿರುವುದರಿಂದ ಹಳೆಯ ಡಿ-10ಗಳಿಗೆ ಗಿರಾಕಿ ಕಡಿಮೆ. ಬೆನ್ನು ಗಟ್ಟಿಯಿದ್ದು ಮನೆಯಲ್ಲೇ ನುಡಿಸುವವರಾದರೆ ಅಲ್ಲೊಂದು ಒಳ್ಳೆಯ ಅವಕಾಶ ಕಾದಿರುತ್ತದೆ.

ಈಗ ವಾದ್ಯವನ್ನು ಬೋರಲು ಮಲಗಿಸೋಣ.

ಮೊದಲು ಕಾಣುವುದು ಅಗಲಕ್ಕೆ ಹಾಯ್ದ ಕ್ರಾಸ್ ಶಾಫ್ಟುಗಳು. ಪ್ರತಿ ಪೆಡಲಿಗೊಂದು, ಪ್ರತಿ ಲಿವರಿಗೊಂದು. ಅವುಗಳ ಮೇಲೆ ಬೆಲ್ ಕ್ರ್ಯಾಂಕ್ ಎಂಬ ಪುಟ್ಟ ಲೋಹದ ತೋಳುಗಳು. ಒಂದೊಂದು ತೋಳಿನಿಂದಲೂ ಉದ್ದಕ್ಕೆ ಹೊರಟ ಪುಲ್ ರಾಡ್ ಬಲತುದಿಯ ಚೇಂಜರ್‌ವರೆಗೆ ಹೋಗುತ್ತದೆ. ಪೆಡಲ್ ಒತ್ತಿದರೆ ಶಾಫ್ಟ್ ತಿರುಗಿ, ಕ್ರ್ಯಾಂಕ್ ವಾಲಿ, ರಾಡ್ ಎಳೆದು, ಚೇಂಜರ್‌ನೊಳಗಿನ ‘ಫಿಂಗರ್’ ಒಂದಿಷ್ಟು ಬಾಗಿ ತಂತಿಯನ್ನು ಬಿಗಿಗೊಳಿಸುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ಮರಳಿ ಸ್ವಸ್ಥಾನಕ್ಕೆ ತರುತ್ತದೆ. ಹೊಟ್ಟೆಯ ವ್ಯವಹಾರ ಇಷ್ಟೇ. ಇಷ್ಟೂ ಮಿಲಿಮೀಟರಿನ ಲೆಕ್ಕದಲ್ಲಿ, ಪ್ರತಿಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲಬೇಕು.

ಒಂದೊಂದೇ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಬೇಕು. ಅಕ್ಕಪಕ್ಕ ಕಟಕಟ ಆಡಿದರೆ ಬೇರಿಂಗ್ ಸವೆದಿದೆ. ಕ್ರ್ಯಾಂಕುಗಳ ಮೇಲೆ ಟಾರ್ಚ್ ಹಿಡಿದು ಕೂದಲೆಳೆಯ ಬಿರುಕು ಇದೆಯೇ ಎಂದು ಹುಡುಕಬೇಕು. ಶೋ-ಬಡ್ ಕಂಪನಿ ಕೆಲವು ವರ್ಷಗಳ ಮಾದರಿಗಳಲ್ಲಿ ಅಚ್ಚಿನಲ್ಲಿ ಹೊಯ್ದ ಕೀಳು ಲೋಹದ ಭಾಗಗಳನ್ನು ಬಳಸಿತ್ತು. ಕಾಲ ಕಳೆದಂತೆ ಅವು ಚೂರಾಗುತ್ತವೆ. ಮರ ಎಷ್ಟೇ ಸುಂದರವಾಗಿದ್ದರೂ ಅಂಥದು ಒಂದು ಮುರಿದಿದ್ದರೆ ಉಳಿದವೂ ಸಾಲಿನಲ್ಲಿವೆ ಎಂದು ಗ್ರಹಿಸಿ ಬೆಲೆ ಮಾತಾಡಬೇಕು. ರಾಡ್ ಬಾಗಿದೆಯೇ, ಒಂದಕ್ಕೊಂದು ಉಜ್ಜುತ್ತಿದೆಯೇ ನೋಡಿ. ರಬ್ಬರ್ ಬ್ಯಾಂಡ್, ತಂತಿ ಸುತ್ತಿದ ಜೋಡಣೆ, ಬೇರೆ ಯಾವುದೋ ಯಂತ್ರದ ಸ್ಕ್ರೂ ಕಂಡರೆ ಹಿಂದಿನ ಒಡೆಯ ಮನೆಯಲ್ಲೇ ರಿಪೇರಿ ಮಾಡಿದ್ದಾನೆಂದು ತಿಳಿಯಿರಿ. ಅದು ಕೆಟ್ಟದ್ದೇ ಆಗಬೇಕಿಲ್ಲ, ಆದರೆ ಯಾಕೆ ಎಂದು ಕೇಳಲೇಬೇಕು.

ಬಲತುದಿಯ ಪಟ್ಟಿಯಲ್ಲಿ ಸಣ್ಣ ನೈಲಾನ್ ನಟ್‌ಗಳ ಸಾಲಿದೆ. ಪೆಡಲ್ ಒತ್ತಿದಾಗ ಬರುವ ಸ್ವರವನ್ನು ಶ್ರುತಿ ಮಾಡುವುದು ಇವುಗಳಿಂದ. ಹಳೆಯವು ಹಳದಿಗಟ್ಟಿ ಸೀಳಿರುತ್ತವೆ. ಇದಕ್ಕೆ ಹೆದರುವ ಅಗತ್ಯವಿಲ್ಲ, ಹೊಸ ನಟ್‌ಗಳು ಅಗ್ಗಕ್ಕೆ ಸಿಗುತ್ತವೆ. ಹೆದರಬೇಕಾದದ್ದು ಚೇಂಜರ್ ಫಿಂಗರುಗಳ ತಲೆಗೆ. ವಾದ್ಯವನ್ನು ನೆಟ್ಟಗೆ ತಿರುಗಿಸಿ, ತಂತಿ ಬಾಗಿ ಇಳಿಯುವ ಆ ದುಂಡನೆಯ ಅಲ್ಯುಮಿನಿಯಂ ತಲೆಗಳ ಮೇಲೆ ಉಗುರು ಆಡಿಸಿ. ನುಣುಪಾಗಿರಬೇಕು. ತಂತಿ ಕೊರೆದ ಗೀರು ಉಗುರಿಗೆ ತಗುಲಿದರೆ ತಂತಿಗಳು ಅಲ್ಲೇ ಕಡಿಯುತ್ತವೆ. ಮುಖ್ಯವಾಗಿ ಮೂರನೇ ತಂತಿ: ಇಂಚಿನ ಸಾವಿರದಲ್ಲಿ ಹನ್ನೊಂದು ಪಾಲಿನಷ್ಟು ತೆಳ್ಳನೆಯದು, ಜಿ ಶಾರ್ಪ್‌ವರೆಗೆ ಬಿಗಿದದ್ದು, ಬಿ ಪೆಡಲ್ ಪ್ರತಿಸಲವೂ ಅದನ್ನು ಇನ್ನಷ್ಟು ಎಳೆಯುತ್ತದೆ. ಎಲ್ಲಕ್ಕಿಂತ ಮೊದಲು ಕಡಿಯುವುದು ಅದೇ. ಸಣ್ಣ ಗೀರುಗಳನ್ನು ನಯಗೊಳಿಸಬಹುದು, ಆಳದ ಗೀರಿದ್ದರೆ ಚೇಂಜರ್ ಬಿಚ್ಚಬೇಕಾಗುತ್ತದೆ. ಎಡತುದಿಯ ರೋಲರ್ ನಟ್‌ನಲ್ಲಿ ಹತ್ತೂ ಉರುಳೆಗಳು ತಿರುಗುತ್ತವೆಯೇ ಎಂಬುದನ್ನೂ ಮರೆಯದೆ ನೋಡಬೇಕು. ಸಿಕ್ಕಿಕೊಂಡ ಒಂದು ಉರುಳೆ ಸಾಕು, ಆ ತಂತಿ ಶ್ರುತಿಗೆ ಮರಳುವುದಿಲ್ಲ.

ವರ್ಷಗಟ್ಟಲೆ ಮಂಚದ ಕೆಳಗಿದ್ದ ವಾದ್ಯದ ಚೇಂಜರ್ ಬಿಗಿದುಕೊಂಡಿರುವುದು ಸಾಮಾನ್ಯ. ಹಳೆಯ ಎಣ್ಣೆ ಧೂಳಿನ ಜೊತೆ ಸೇರಿ ಅಂಟಾಗಿರುತ್ತದೆ. ಪೆಡಲ್ ಒತ್ತಿ ಬಿಟ್ಟಾಗ ಫಿಂಗರ್ ತೂಕಡಿಸುತ್ತ ಹಿಂದಿರುಗುತ್ತದೆ. ಮಾರುವವರಿಗೂ ಅದು ಕೆಟ್ಟಿದೆ ಎಂದೇ ಅನಿಸಿರುತ್ತದೆ. ನ್ಯಾಫ್ತಾದಂಥ ದ್ರಾವಕದಿಂದ ತೊಳೆದು, ಹೊಲಿಗೆ ಯಂತ್ರದ ಎಣ್ಣೆಯ ಒಂದೊಂದೇ ಹನಿ ಬಿಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ತುಕ್ಕು ಮತ್ತು ಅಂಟು ಇವೆರಡರ ವ್ಯತ್ಯಾಸ ತಿಳಿದವರಿಗೆ ಇಂಥ ವಾದ್ಯಗಳಲ್ಲೇ ನಿಜವಾದ ಲಾಭ. ಅಂಟಿಗೆ ಮದ್ದಿದೆ, ತುಕ್ಕು ತಿಂದ ಫಿಂಗರಿಗೆ ಇಲ್ಲ.

ಇನ್ನು ನಿಲ್ಲಿಸಿ ಪರೀಕ್ಷೆ. ಕಾಲು ಸಿಕ್ಕಿಸಿದಾಗ ಸಾಕೆಟ್‌ನ ತಿರುಪಿನ ಮರೆಗಳು ಗಟ್ಟಿಯಾಗಿ ಹಿಡಿಯಬೇಕು. ಮರೆ ತಿಂದುಹೋಗಿದ್ದರೆ ವಾದ್ಯ ಅಲ್ಲಾಡುತ್ತದೆ, ಅಲ್ಲಾಡುವ ವಾದ್ಯದಲ್ಲಿ ಶ್ರುತಿ ಕನಸು. ಇ ತಂತಿಯೊಂದನ್ನು, ನಾಲ್ಕನೆಯದೋ ಎಂಟನೆಯದೋ, ಮೀಟಿ ಎಲೆಕ್ಟ್ರಾನಿಕ್ ಟ್ಯೂನರ್ ಮೇಲೆ ಕಣ್ಣಿಡಿ. ಎ ಮತ್ತು ಬಿ ಪೆಡಲ್‌ಗಳಿಗೂ ಆ ತಂತಿಗೂ ಸಂಬಂಧವಿಲ್ಲ. ಈಗ ಎರಡನ್ನೂ ಒಟ್ಟಿಗೆ ಒತ್ತಿ. ಸಂಬಂಧವಿಲ್ಲದ ಆ ತಂತಿಯೂ ಕೊಂಚ ಇಳಿಯುತ್ತದೆ. ಪೆಡಲ್‌ಗಳ ಎಳೆತಕ್ಕೆ ಮರದ ಮೈ ಬಾಗುವುದರಿಂದ ಹೀಗಾಗುತ್ತದೆ. ‘ಕ್ಯಾಬಿನೆಟ್ ಡ್ರಾಪ್’ ಎಂದು ಇದಕ್ಕೆ ಹೆಸರು. ಎಲ್ಲ ಪೆಡಲ್ ಸ್ಟೀಲ್‌ಗಳಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಐದು ಸೆಂಟ್‌ವರೆಗೆ, ಅಂದರೆ ಅರ್ಧ ಸ್ವರದ ನೂರರಲ್ಲಿ ಐದು ಪಾಲಿನವರೆಗೆ, ಕಿವಿ ಸಹಿಸುತ್ತದೆ. ಹತ್ತು ದಾಟಿದರೆ ಮುಂದೆ ಪ್ರತಿದಿನ ಅದೇ ಕಿರಿಕಿರಿ. ಆಮೇಲೆ ಪೆಡಲ್ ಬಿಟ್ಟು ಮೂರನೇ ತಂತಿ ಮತ್ತೆ ಸರಿಯಾಗಿ ಜಿ ಶಾರ್ಪ್‌ಗೇ ಬಂತೇ ನೋಡಿ. ಮಂಡಿ ಲಿವರಿನಿಂದ ಇ ಇಳಿಸಿ ಬಿಟ್ಟು ಅದನ್ನೂ ನೋಡಿ. ಒಂದೇ ಸಲ ಅಲ್ಲ, ಮೇಲಿಂದ ಮೇಲೆ. ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ನಿಂತರೆ ಹೊಟ್ಟೆಯಲ್ಲೆಲ್ಲೋ ಸಡಿಲವಿದೆ.

ಇಲ್ಲೊಂದು ಎಚ್ಚರ. ಅನುಭವಿ ವಾದಕರ ವಾದ್ಯದಲ್ಲಿ ಟ್ಯೂನರ್ ಹಿಡಿದರೆ ಇ ತಂತಿ ಸರಿಯಾಗಿದ್ದು ಜಿ ಶಾರ್ಪ್ ಕೆಳಗಿದೆ ಎಂದು ತೋರಿಸಬಹುದು. ವಾದ್ಯ ಕೆಟ್ಟಿದೆ ಎಂದುಕೊಳ್ಳಬೇಡಿ. ಇ ಷಡ್ಜವಾದರೆ ಜಿ ಶಾರ್ಪ್ ಅದರ ಗಾಂಧಾರ. ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವನ್ನು ಕೇಳಿದವರಿಗೆ ಗೊತ್ತು, ಅದು ಹಾರ್ಮೋನಿಯಂನ ಗಾಂಧಾರಕ್ಕಿಂತ ಕೆಳಗಿರುತ್ತದೆ. ಸುಮಾರು 14 ಸೆಂಟ್ ಕೆಳಗೆ. ಪೆಡಲ್ ಸ್ಟೀಲ್ ನುಡಿಸುವವರಲ್ಲಿ ಬಹಳ ಜನ ತಮ್ಮ ಗಾಂಧಾರವನ್ನು ಆ ಕಡೆಗೇ ಇಳಿಸಿಕೊಳ್ಳುತ್ತಾರೆ, ಸ್ವರಗಳು ಒಂದರೊಳಗೊಂದು ಕರಗಲೆಂದು. ಟೆನೆಸಿಯ ಸ್ಟುಡಿಯೊದಲ್ಲಿ ಕೂತ ವಾದಕನ ಕಿವಿಯೂ ನಮ್ಮ ತಂಬೂರಿಯ ಕಿವಿಯೂ ಒಂದೇ ಜಾಗದಲ್ಲಿ ನೆಮ್ಮದಿ ಕಾಣುತ್ತವೆ ಎನ್ನುವುದು ನನಗೆ ಈ ವಾದ್ಯದ ಬಗ್ಗೆ ಅತ್ಯಂತ ಪ್ರೀತಿಯ ಸಂಗತಿ.

ಪಿಕಪ್ ವಿಷಯ ಬೇಗ ಮುಗಿಸಬಹುದು. ಹತ್ತೂ ತಂತಿ ಒಂದೇ ಮಟ್ಟದಲ್ಲಿ ಕೇಳಬೇಕು. ಮಲ್ಟಿಮೀಟರ್ ಇದ್ದರೆ ಸಾಮಾನ್ಯವಾಗಿ 15ರಿಂದ 20 ಕಿಲೋಓಮ್ ತೋರಿಸುತ್ತದೆ. ಸತ್ತ ಪಿಕಪ್ಪನ್ನು ಮತ್ತೆ ಸುತ್ತಿಸಬಹುದು, ಹೊಸದನ್ನೂ ಹಾಕಬಹುದು.

ಪೆಟ್ಟಿಗೆಯಲ್ಲಿ ಏನೇನಿದೆ ಎಂಬುದನ್ನು ಎಣಿಸಿಕೊಳ್ಳಬೇಕು: ನಾಲ್ಕು ಕಾಲು, ಪೆಡಲ್ ಬಾರ್, ಪ್ರತಿ ಪೆಡಲಿನ ಕಂಬಿ. ಕಂಪನಿಯೇ ಮುಚ್ಚಿದ್ದರೆ ಕಳೆದುಹೋದ ಒಂದು ಕಾಲನ್ನು ಹುಡುಕುವುದು ಸಾಹಸ. ಪೆಡಲ್‌ಗಳ ಕ್ರಮವನ್ನೂ ಕೇಳಿ. ಎಡದಿಂದ ಎ, ಬಿ, ಸಿ ಇದ್ದರೆ ಅದು ಎಮ್ಮನ್ಸ್ ಪದ್ಧತಿ. ತಿರುವುಮುರುವಾಗಿದ್ದರೆ ಜಿಮ್ಮಿ ಡೇ ಪದ್ಧತಿ. ಎರಡರಲ್ಲೂ ಸಂಗೀತ ಒಂದೇ, ಆದರೆ ನಿಮ್ಮ ಗುರುವಿನ ಕ್ರಮವೇ ನಿಮ್ಮದಾಗಿದ್ದರೆ ಪಾದಕ್ಕೆ ಗೊಂದಲವಿಲ್ಲ.

ಬಜೆಟ್ ಹಾಕುವಾಗ ಬಹಳ ಜನ ಇಡೀ ಮೊತ್ತವನ್ನು ವಾದ್ಯಕ್ಕೇ ಸುರಿದುಬಿಡುತ್ತಾರೆ. ಕಾಲು ಭಾಗವನ್ನಾದರೂ ಪಕ್ಕಕ್ಕಿಡಬೇಕು. ವಾಲ್ಯೂಮ್ ಪೆಡಲ್ ಇಲ್ಲದೆ ಈ ವಾದ್ಯ ಅರ್ಧ ಮೂಗ. ಮೀಟಿದ ಮೇಲೆ ನಾದ ಕ್ಷೀಣಿಸುತ್ತಿದ್ದಂತೆ ಪಾದದಿಂದ ಧ್ವನಿ ಏರಿಸುತ್ತ ಸ್ವರವನ್ನು ಉಳಿಸಿಕೊಳ್ಳುವ ಕಲೆಯೇ ಆ ಹಾಡುವ ಗುಣದ ಗುಟ್ಟು. ಗುಡ್‌ರಿಚ್ ಹೆಸರಿನ ಹಳೆಯ ವಾಲ್ಯೂಮ್ ಪೆಡಲುಗಳು ಗಟ್ಟಿಮುಟ್ಟು, ಕರಕರ ಸದ್ದು ಬಂದರೆ ಒಳಗಿನ ಪೊಟೆನ್ಷಿಯೊಮೀಟರ್ ಬದಲಿಸಿದರಾಯಿತು. ಬಾರ್, ಪಿಕ್, ಎತ್ತರ ಹೊಂದುವ ಆಸನ, ಒಂದೆರಡು ಸೆಟ್ ತಂತಿ ಇವಿಷ್ಟೂ ಬೇಕು. ಆ್ಯಂಪ್ಲಿಫೈಯರ್ ವಿಷಯದಲ್ಲಿ ಅಮೆರಿಕದ ವಾದಕರು ಮಿಸಿಸಿಪಿಯ ಪೀವಿ ಕಂಪನಿಯ ಸೆಷನ್ 400, ನ್ಯಾಶ್‌ವಿಲ್ 400ರಂಥ ಹಳೆಯ ಮಾದರಿಗಳನ್ನು ನೆಚ್ಚಿಕೊಂಡಿದ್ದಾರೆ. ಬಳಸಿದವು ಅಗ್ಗ, ಧ್ವನಿ ಒಡೆಯುವುದಿಲ್ಲ. ಶುರುವಿಗೆ ಕೀಬೋರ್ಡ್ ಆ್ಯಂಪ್ ಕೂಡ ನಡೆಯುತ್ತದೆ.

ಒಳ್ಳೆಯ ವಾದ್ಯಗಳು ಸಿಗುವುದು ಅಂಗಡಿಗಿಂತ ಹೆಚ್ಚಾಗಿ ವಾದಕರ ಬಳಗದಲ್ಲಿ. ವಯಸ್ಸಾಗಿ ಭಾರ ಎತ್ತಲಾಗದೆ ಎರಡು ಕುತ್ತಿಗೆಯದನ್ನು ಮಾರಿ ಹಗುರದ್ದು ಕೊಳ್ಳುವ ಹಿರಿಯರು ಅಲ್ಲಿ ಬಹಳ. ಅಂಥವರು ತಮ್ಮ ವಾದ್ಯದ ಪ್ರತಿ ಸ್ಕ್ರೂವಿನ ಚರಿತ್ರೆ ಹೇಳುತ್ತಾರೆ, ಕೊಳ್ಳುವವರು ಕಲಿಯಲು ಬಂದವರೆಂದು ತಿಳಿದರೆ ಮೊದಲ ಪಾಠವನ್ನೂ ಅಲ್ಲೇ ಕೊಡುತ್ತಾರೆ. ಡಲ್ಲಾಸ್‌ನಲ್ಲಿ ಟೆಕ್ಸಸ್ ಸ್ಟೀಲ್ ಗಿಟಾರ್ ಅಸೋಸಿಯೇಷನ್ ನಡೆಸುವ ವಾರ್ಷಿಕ ಜಂಬೂರಿಯಂಥ ಕಡೆ ಹತ್ತಾರು ವಾದ್ಯಗಳ ಮುಂದೆ ಕೂತು ಪೆಡಲ್ ಒತ್ತಿ ನೋಡುವ ಅವಕಾಶವಿದೆ. ಟೆಕ್ಸಸ್ ಕಡೆಯ ಕನ್ನಡಿಗರಲ್ಲಿ ಸಂಗೀತದ ಹುಚ್ಚಿರುವವರಿಗೆ ಅಷ್ಟು ದೂರದ ದಾರಿಯೇನಲ್ಲ. ಎಸ್ಟೇಟ್ ಸೇಲ್, ಗಿರವಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದುಂಟು. ಅಲ್ಲಿ ಮಾರುವವರಿಗೆ ಅದರ ಬಗ್ಗೆ ಏನೂ ಗೊತ್ತಿರುವುದಿಲ್ಲ, ಪರೀಕ್ಷೆಯೆಲ್ಲ ನಿಮ್ಮದೇ.

ಊರಿಗೆ ತರಬೇಕೆಂದರೆ ತೂಕದ ಲೆಕ್ಕ ಮೊದಲು. ವಿಮಾನದಲ್ಲಿ ಒಂದು ಚೀಲಕ್ಕೆ ಸಾಮಾನ್ಯವಾಗಿ 23 ಕಿಲೋ ಮಿತಿ, ಹೆಚ್ಚುವರಿ ಹಣ ಕೊಟ್ಟರೂ 32 ಕಿಲೋ ದಾಟುವಂತಿಲ್ಲ. ಎರಡು ಕುತ್ತಿಗೆಯ ಹಳೆಯ ವಾದ್ಯ ಪೆಟ್ಟಿಗೆ ಸಮೇತ 30 ಕಿಲೋ ಆಸುಪಾಸಿನಲ್ಲಿ, ಕೆಲವೊಮ್ಮೆ ಅದರಾಚೆ ತೂಗುತ್ತದೆ. ಎಸ್-10 ಆದರೆ ಕಾಲು, ಪೆಡಲ್ ಬಾರ್‌ಗಳನ್ನು ಬೇರೆ ಚೀಲಕ್ಕೆ ಹಾಕಿ ಸುಲಭವಾಗಿ ತರಬಹುದು. ಪೆಟ್ಟಿಗೆಯೊಳಗೆ ವಾದ್ಯ ಕಿಂಚಿತ್ತೂ ಜರುಗದಂತೆ ಬಟ್ಟೆ ತುಂಬಬೇಕು, ಮಂಡಿ ಲಿವರುಗಳನ್ನು ಮಡಚಿ ನಡುವೆ ಮೆತ್ತೆ ಇಡಬೇಕು. ಹೆಚ್ಚಿನ ಪೆಟ್ಟು ಬೀಳುವುದು ಅವಕ್ಕೇ. ಕಸ್ಟಮ್ಸ್ ಸುಂಕದ ದರವನ್ನು ಹೊರಡುವ ಮೊದಲೇ ವಿಚಾರಿಸಿ, ಖರೀದಿ ರಸೀದಿಯನ್ನು ಕೈಯಲ್ಲೇ ಇಟ್ಟುಕೊಳ್ಳಿ. ಆ್ಯಂಪ್ಲಿಫೈಯರ್ ಮಾತ್ರ ಅಲ್ಲಿಂದ ಹೊತ್ತು ತರಬೇಡಿ. ಅಲ್ಲಿಯ ವಿದ್ಯುತ್ 120 ವೋಲ್ಟ್, ನಮ್ಮದು 230. ಪೆಡಲ್ ಸ್ಟೀಲ್‌ನ ಪಿಕಪ್‌ಗೆ ವಿದ್ಯುತ್ತೇ ಬೇಡವಾದ್ದರಿಂದ ವಾದ್ಯಕ್ಕೆ ಈ ತೊಡಕಿಲ್ಲ. ಹೊರಡುವಾಗ ತರಬೇಕಾದದ್ದು ಇ-9 ತಂತಿಗಳ ಆರೇಳು ಸೆಟ್, ಅದರ ಜೊತೆಗೆ ಆ ತೆಳ್ಳನೆಯ ಮೂರನೇ ತಂತಿ ಬಿಡಿಯಾಗಿ ಒಂದು ಡಜನ್, ಒಂದು ಹಿಡಿ ನೈಲಾನ್ ನಟ್ ಮತ್ತು ಅವನ್ನು ತಿರುಗಿಸುವ 3/16 ಇಂಚಿನ ಕೀಲಿ. ಇಂಚಿನ ಅಳತೆಯ ಆ ಕೀಲಿ ನಮ್ಮೂರ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ.